ಗಣಿ ನಿಲ್ಲಿಸಿದ ಊರಿನ ತೋಟಗಳಲ್ಲಿ

ಕುದುರೆಮುಖದಲ್ಲಿ ಗಣಿಗಾರಿಕೆ ನಿಂತು ಎರಡು ದಶಕ ಕಳೆಯಿತು. ಕಳಸದಿಂದ ಬಾಳೆಹೊನ್ನೂರಿನವರೆಗೆ ಭದ್ರೆಯ ದಂಡೆಯ ಊರುಗಳಲ್ಲಿ ಹೋರಾಟದ ಮಾತು ಬಂದರೆ ಜನ ಈಗಲೂ ಮೊದಲು ನೆನೆಯುವುದು ಅದನ್ನೇ. ಕೇಂದ್ರ ಸರ್ಕಾರದ ಕಂಪನಿಯನ್ನೇ ಬೆಟ್ಟದಿಂದ ಇಳಿಸಿದ್ದೇವೆ ನಾವು, ಅನ್ನುತ್ತಾರೆ. ಹೇಳಿಕೊಳ್ಳಲಿ, ಹೇಳಿಕೊಳ್ಳುವಂಥ ಕೆಲಸವೇ. ಕಾಡಿನ ಕಾರಣಕ್ಕೆ ಇಷ್ಟು ದೊಡ್ಡ ಗಣಿಯೊಂದು ಬಾಗಿಲು ಹಾಕಿದ ಉದಾಹರಣೆ ಈ ದೇಶದಲ್ಲಿ ಹೆಚ್ಚಿಲ್ಲ.

ಆ ಮಾತಾಡಿದ ಜಗಲಿಯಿಂದ ಎದ್ದು ತೋಟದೊಳಕ್ಕೆ ನಡೆದರೆ ಕಾಣುವುದು ಬೇರೆ. ದಾರಿಯ ಪಕ್ಕದ ಹುಲ್ಲು ಒಣಗಿ ಕೆಂಪಗೆ ಮಲಗಿರುತ್ತದೆ, ಕಳೆಗೆ ಔಷಧಿ ಹೊಡೆದಿದ್ದಾರೆ. ಅತ್ತಿ, ಮತ್ತಿ, ನಂದಿ ನಿಂತಿದ್ದ ಕಡೆ ಸಿಲ್ವರ್ ಓಕ್ ಸಾಲು. ಹಳ್ಳದ ಗುಂಡಿಗೆ ಮೋಟರಿನ ಪೈಪು ಇಳಿದಿದೆ. ಬಚ್ಚಲ ಹಂಡೆಯ ಒಲೆಗೆ ಬೆಂಕಿ ಹಿಡಿಸಲು ಹಾಲಿನ ಪ್ಲಾಸ್ಟಿಕ್ ಕವರು. ಇದನ್ನೆಲ್ಲ ಬೂಟಾಟಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು, ತಳ್ಳಿಹಾಕುವವರೂ ಇದ್ದಾರೆ. ನನಗೆ ಅದು ಅಷ್ಟು ಸರಳವಾಗಿ ಕಾಣುವುದಿಲ್ಲ. ಈ ಊರುಗಳಲ್ಲಿ ಬೆಳೆದ ಅಭ್ಯಾಸಗಳಿಗೆಲ್ಲ ಒಂದೊಂದು ಕಾರಣವಿದೆ. ಆ ಕಾರಣಗಳಲ್ಲಿ ಕೆಲವನ್ನು ಒದಗಿಸಿದ್ದು ಪರಿಸರದ ಹೆಸರಿನ ಕಾನೂನೇ.

ಗಣಿಯ ಕತೆ ಗೊತ್ತಿರುವವರಿಗೂ ಅದರ ವಿಚಿತ್ರ ಆರಂಭ ಮರೆತಿರಬಹುದು. 1975ರಲ್ಲಿ ಇರಾನಿನ ಷಾ ಸರ್ಕಾರದ ಜೊತೆ ಒಪ್ಪಂದವಾಯಿತು: ಸಾಲ ಅವರದು, ಅದಿರೂ ಅವರಿಗೇ. ಮರುವರ್ಷ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಇಲ್ಲಿನ ಅದಿರು ಬಡಕಲು, ಅದರಲ್ಲಿ ಕಬ್ಬಿಣದ ಪಾಲು ನೂರಕ್ಕೆ ನಲವತ್ತನ್ನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಬೆಟ್ಟವನ್ನು ಅಗೆದು, ಪುಡಿ ಮಾಡಿ, ತೊಳೆದು, ಸಿಕ್ಕ ಕಬ್ಬಿಣದ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. ಉಳಿದ ಕೆಸರಿಗೆ ಲಕ್ಯಾ ಹಳ್ಳಕ್ಕೆ ಅಡ್ಡವಾಗಿ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. ಒಂದು ಕಣಿವೆಯೇ ಕೆಸರಿನ ಕಣಜವಾಯಿತು. ಇಷ್ಟೆಲ್ಲ ಸಿದ್ಧವಾಗುವ ಹೊತ್ತಿಗೆ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟಿದ್ದ. ಯಾರಿಗಾಗಿ ಬೆಟ್ಟ ಅಗೆಯಲು ಹೊರಟಿದ್ದರೋ ಆ ಗಿರಾಕಿಯೇ ಮಾಯ. ಆದರೂ 1980ರಲ್ಲಿ ಯಂತ್ರಗಳು ತಿರುಗಿದವು, ಬೇರೆ ಗಿರಾಕಿಗಳು ಸಿಕ್ಕರು.

ಆಮೇಲಿನದು ಮಳೆಯ ಲೆಕ್ಕ. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಾಗದಲ್ಲಿ ಬೆಟ್ಟದ ಚರ್ಮ ಸುಲಿದರೆ ಮಣ್ಣು ಎಲ್ಲಿ ಹೋಗುತ್ತದೆ? ಭದ್ರೆಗೆ. ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಜಲಾಶಯಕ್ಕೆ. ಅಷ್ಟರಲ್ಲಿ 1987ರಲ್ಲಿ ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಗಿತ್ತು. ಉಲ್ಲಾಸ ಕಾರಂತರು ಈ ಕಾಡಿನ ಸಿಂಗಳೀಕಗಳ ಬಗ್ಗೆ ಮಾಡಿದ ಅಧ್ಯಯನ ಅದಕ್ಕೆ ಒಂದು ಮುಖ್ಯ ಕಾರಣ. 1969ರಿಂದ ಲೆಕ್ಕವಿಟ್ಟ 30 ವರ್ಷದ ಗುತ್ತಿಗೆ 1999ರಲ್ಲಿ ಮುಗಿದಾಗ ಕಂಪನಿ ಇನ್ನಷ್ಟು ಕಾಲ ಕೇಳಿತು. ಊರುಗಳಲ್ಲಿ ಸಭೆ, ಮೆರವಣಿಗೆ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಮತ್ತು ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆ ವಿಷಯವನ್ನು ದೆಹಲಿಗೆ ಒಯ್ದರು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಆದೇಶ ಬಂತು: 2005ರ ಕೊನೆಯ ಹೊತ್ತಿಗೆ ಗಣಿ ನಿಲ್ಲಬೇಕು. ನಿಂತಿತು.

ಆದರೆ ನಿಂತದ್ದು ಈ ಬೆಟ್ಟದ ಗಣಿ ಮಾತ್ರ. ಪಣಂಬೂರಿನ ಪೆಲೆಟ್ ಕಾರ್ಖಾನೆಗೆ ಅದಿರು ಬೇಕಿತ್ತು, ಅದು ಛತ್ತೀಸಗಢದ ಬೈಲಾಡಿಲದಿಂದ ಬರತೊಡಗಿತು. ಅದೂ ಕಾಡಿನ ಬೆಟ್ಟವೇ, ಅಲ್ಲಿಯೂ ಆದಿವಾಸಿಗಳಿದ್ದಾರೆ, ಅಲ್ಲಿಯ ಹೊಳೆಗಳೂ ಕೆಂಪಾಗಿವೆ. ನಮ್ಮ ಸಭೆಗಳಲ್ಲಿ ಬೈಲಾಡಿಲದ ಹೆಸರು ಎತ್ತಿದವರನ್ನು ನಾನು ಕಾಣೆ. ಈಗ ಅದೇ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟ ಬೇಕಾಗಿದೆ. 2024ರ ಜೂನ್‌ನಲ್ಲಿ ಕೇಂದ್ರದ ಉಕ್ಕು ಸಚಿವರಾಗಿ ಎಚ್.ಡಿ. ಕುಮಾರಸ್ವಾಮಿ ಆ ಕಡತಕ್ಕೆ ಸಹಿ ಹಾಕಿದರು. ಸುಮಾರು 400 ಹೆಕ್ಟೇರ್ ಅರಣ್ಯ, 99 ಸಾವಿರಕ್ಕೂ ಹೆಚ್ಚು ಮರ ಎಂಬ ಲೆಕ್ಕ ಹೊರಬಿದ್ದಾಗ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅರಣ್ಯ ಭೂಮಿ ಹಸ್ತಾಂತರಿಸಬೇಡಿ ಎಂದು ತಡೆದರು. ಕುದುರೆಮುಖ ಉಳಿದ ಮೇಲೆ ಮಲೆನಾಡಿನಲ್ಲಿ ಎದ್ದ ಮನೆಗಳ ತಾರಸಿಗೆ, ತೋಟದ ಗೇಟಿಗೆ, ಕಾಫಿ ಕಣದ ಶೆಡ್ಡಿಗೆ ಹಾಕಿದ ಕಬ್ಬಿಣ ಯಾವುದೋ ಬೆಟ್ಟದ್ದೇ. ಬೆಟ್ಟ ಬೇರೆ, ಅಷ್ಟೆ.

ಇದನ್ನು ಹೇಳಿ ಹೋರಾಟವನ್ನು ಹೀಗಳೆಯುವವರ ಸಾಲಿಗೆ ನಾನು ಸೇರುವುದಿಲ್ಲ. ತನ್ನ ಊರಿನ ಬೆಟ್ಟವನ್ನು ಉಳಿಸಿಕೊಂಡವನು ಜಗತ್ತಿನ ಬೆಟ್ಟಗಳನ್ನೆಲ್ಲ ಉಳಿಸುವ ಜವಾಬ್ದಾರಿ ಹೊರಬೇಕಾಗಿಲ್ಲ. ನನ್ನನ್ನು ಕಾಡುವುದು ಬೇರೊಂದು ಸಂಗತಿ. ಗಣಿಯ ವಿರುದ್ಧ ನಿಲ್ಲುವುದು ಕಷ್ಟವಾಗಿದ್ದರೂ ಎದುರಾಳಿ ಯಾರೆಂಬುದು ಸ್ಪಷ್ಟವಿತ್ತು. ಅವನಿಗೆ ಹೆಸರಿತ್ತು, ಬೋರ್ಡಿತ್ತು, ಗುತ್ತಿಗೆಯ ಕಾಗದವಿತ್ತು, ಕೋರ್ಟಿಗೆ ಕರೆದರೆ ಬರಲೇಬೇಕಿತ್ತು. ನಮ್ಮ ನಮ್ಮ ತೋಟದ ಅಭ್ಯಾಸಗಳ ಮೇಲೆ ಯಾವ ಅರ್ಜಿ ಹಾಕುವುದು?

ಸಿಲ್ವರ್ ಓಕ್‌ನಿಂದ ಶುರುಮಾಡೋಣ, ಏಕೆಂದರೆ ಮಲೆನಾಡಿನ ತೋಟಗಳ ಮುಖ ಬದಲಾಯಿಸಿದ ಮರ ಅದು. ಆಸ್ಟ್ರೇಲಿಯಾದ ಮರ, ಬ್ರಿಟಿಷ್ ಪ್ಲಾಂಟರುಗಳ ಕಾಲದಲ್ಲಿ ಬಂದದ್ದು. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಬೇಗ ದಪ್ಪವಾಗುತ್ತದೆ, ಪ್ಲೈವುಡ್ಡಿನವರು ತೋಟದ ಬಾಗಿಲಿಗೇ ಬಂದು ಕೊಂಡೊಯ್ಯುತ್ತಾರೆ. ಅದರ ಎಲೆ ಬೇಗ ಕೊಳೆಯುವುದಿಲ್ಲ. ಅತ್ತಿ, ಬಸರಿಗಳ ಹಣ್ಣಿಗೆ ಬರುವ ಮಂಗಟ್ಟೆ, ಕುಟ್ರುಹಕ್ಕಿಗಳಿಗೆ ಅದರಲ್ಲಿ ಹೊಟ್ಟೆ ತುಂಬುವಂಥದ್ದೇನೂ ಇಲ್ಲ. ಇದು ಬೆಳೆಗಾರರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಭಾರತದ ಕಾಫಿ ನೆರಳಿನಲ್ಲಿ ಬೆಳೆದ ಕಾಫಿ ಎಂದು ಹೊರದೇಶದಲ್ಲಿ ಹೊಗಳಿಸಿಕೊಳ್ಳುವಾಗ ತೋರಿಸುವ ಚಿತ್ರದಲ್ಲಿ ಇರುವುದು ಕಾಡುಮರಗಳ ನೆರಳೇ.

ಹಾಗಿದ್ದೂ ಕಾಡುಮರ ಯಾಕೆ ಕಡಿಮೆಯಾಯಿತು? ದುರಾಸೆ ಒಂದು ಕಾರಣ, ಇಲ್ಲವೆನ್ನುವುದಿಲ್ಲ. ರೋಬಸ್ಟಾಗೆ ಬಿಸಿಲು ಹೆಚ್ಚು ಬೇಕೆಂದು ಮರಗಸಿ ಮಾಡುವಾಗ ಕೊಂಬೆಯ ಜೊತೆಗೆ ಬೊಡ್ಡೆಯನ್ನೂ ಮುಗಿಸಿದವರಿದ್ದಾರೆ. ಆದರೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪಾತ್ರವನ್ನು ಬಿಟ್ಟರೆ ಕತೆ ಅರ್ಧ. ಆ ಕಾಯ್ದೆ ಮರ ಉಳಿಸಲು ಬಂದದ್ದು. ಸ್ವಂತ ಜಮೀನಿನ ಮರ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು ಎಂದಿತು. ಕೆಲವು ಜಾತಿಗಳಿಗೆ ವಿನಾಯಿತಿ ಕೊಟ್ಟಿತು. ಅವುಗಳಲ್ಲಿ ಸಿಲ್ವರ್ ಓಕ್ ಒಂದು. ಅಲ್ಲಿಗೆ ಬೆಳೆಗಾರನ ಲೆಕ್ಕ ಮುಗಿಯಿತು. ನಂದಿ, ಹೊನ್ನೆ, ಬೀಟೆ ಹುಟ್ಟಿದರೆ ಅದು ನಾಳೆ ಅರ್ಜಿ, ಸರ್ವೆ, ಮಹಜರು, ರೇಂಜ್ ಆಫೀಸಿನ ಓಡಾಟ. ಸಿಲ್ವರ್ ನೆಟ್ಟರೆ ಮಗಳ ಮದುವೆಗೆ ಬೇಕೆಂದಾಗ ಕಡಿದು ಲಾರಿಗೆ ಹೇರಬಹುದು. “ಕಾಡುಮರ ಬೆಳೆಸಿದರೆ ಅದು ಫಾರೆಸ್ಟಿನೋರದ್ದು, ಸಿಲ್ವರ್ ಬೆಳೆಸಿದರೆ ನಮ್ಮದು” ಎಂಬ ಧಾಟಿಯ ಮಾತು ಇಲ್ಲಿ ಯಾವ ಕಾಫಿ ಕಣದಲ್ಲಿ ನಿಂತರೂ ಕೇಳುತ್ತದೆ. ಕಳೆ ಕೊಚ್ಚುವಾಗ ತಾನಾಗಿ ಮೊಳೆತ ಕಾಡುಸಸಿಯನ್ನು ಕತ್ತಿಯ ತುದಿಯಲ್ಲಿ ಮೆಲ್ಲಗೆ ಎತ್ತಿಹಾಕುವುದು ಹೀಗೆ ರೂಢಿಯಾಯಿತು. ಆ ಕೈಗೆ ಪಾಠ ಹೇಳಿಕೊಟ್ಟದ್ದು ಮರ ಉಳಿಸುವ ಕಾಯ್ದೆ.

ಕಳೆ ಔಷಧಿಯ ಕತೆಯಲ್ಲಿ ಕಾನೂನಿಗಿಂತ ಕೂಲಿಯ ಪಾಲು ದೊಡ್ಡದು. ಮುಂಗಾರು ಮುಗಿಯುವ ಹೊತ್ತಿಗೆ ಮಲೆನಾಡಿನಲ್ಲಿ ಕಳೆ ಸೊಂಟದವರೆಗೆ ಏಳುತ್ತದೆ. ಹಿಂದೆ ಲೈನು ಮನೆಗಳಲ್ಲಿ ಇದ್ದ ಆಳುಗಳ ಮಕ್ಕಳು ಓದಿ ಬೆಂಗಳೂರು ಸೇರಿದರು, ಸೇರಲೇಬೇಕಿತ್ತು. ಅವರ ಜಾಗಕ್ಕೆ ಅಸ್ಸಾಮಿನಿಂದ ಬಂದವರು ಕೊಯ್ಲಿಗೆ ಸಿಗುತ್ತಾರೆ, ಕಳೆಗೆ ಸಿಗುವುದಿಲ್ಲ. ಹತ್ತು ಆಳು ವಾರವಿಡೀ ಮಾಡುವ ಕೆಲಸವನ್ನು ಬೆನ್ನಿಗೆ ಕ್ಯಾನು ಕಟ್ಟಿದ ಒಬ್ಬ ಎರಡು ದಿನದಲ್ಲಿ ಮುಗಿಸಿದರೆ ಯಾರು ಬೇಡವೆನ್ನುತ್ತಾರೆ? ಗ್ಲೈಫೋಸೇಟ್ ಎಂಬ ಕಳೆ ಔಷಧಿಗೆ ನಮ್ಮ ದೇಶದಲ್ಲಿ ಒಪ್ಪಿಗೆ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇನ್ನೂ ಬಿಗಿ ಮಾಡಿ, ಕೀಟ ನಿಯಂತ್ರಣದ ಪರವಾನಗಿ ಇದ್ದವರೇ ಹೊಡೆಯಬೇಕು ಎಂದಿತು. ಆ ಆದೇಶ ಪತ್ರಿಕೆಯಲ್ಲಿ ಓದಿದ ಮಟ್ಟಿಗೆ ಇದೆ, ತೋಟದಲ್ಲಿ ಇಲ್ಲ. ಅದೇ ಇಳಿಜಾರಿನ ಕೆಳಗೆ ಅದೇ ಮನೆಗೆ ಕುಡಿಯುವ ಅಬ್ಬಿ ನೀರಿನ ಪೈಪು ಹಾಕಿರುತ್ತಾರೆ ಎಂಬುದು ನನಗೆ ಅರ್ಥವಾಗದ ಧೈರ್ಯ.

ಹಳ್ಳಕ್ಕೆ ಮೋಟರು ಇಳಿಯುವುದು ಫೆಬ್ರವರಿಯ ಮಾತು. ರೋಬಸ್ಟಾಗೆ ಹೂವಿನ ನೀರು ಕೊಡಬೇಕು, ಮಳೆ ಬರದಿದ್ದರೆ ಕಾಯಿ ಕಚ್ಚಲು ‘ಬ್ಯಾಕಿಂಗ್’ ಎಂದು ಇನ್ನೊಮ್ಮೆ. 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ ಮೇಲೆ ಆಕಾಶ ನೋಡುತ್ತ ಕೂರುವ ತಾಳ್ಮೆ ಯಾರಿಗೂ ಉಳಿದಿಲ್ಲ. ಮೇಲಿನ ತೋಟದವರು ಸ್ಪ್ರಿಂಕ್ಲರ್ ತಿರುಗಿಸಿದ ದಿನ ಕೆಳಗಿನವರ ಹಳ್ಳ ಬತ್ತುತ್ತದೆ. ಭದ್ರೆಗಾಗಿ ಜೊತೆಜೊತೆಗೆ ಘೋಷಣೆ ಕೂಗಿದವರು ಹಳ್ಳದ ನೀರಿಗಾಗಿ ಪೊಲೀಸ್ ಠಾಣೆಯಲ್ಲಿ ಎದುರುಬದುರು ಕೂರುತ್ತಾರೆ.

ಇಂಥ ಮಾತು ಬಂದಾಗಲೆಲ್ಲ ಒಂದು ಚುಚ್ಚು ತಪ್ಪುವುದಿಲ್ಲ. “ಹೆಗ್ಡೇರೇ, ಪರಿಸರ ಪರಿಸರ ಅಂತೀರಿ, ಸಭೆಗೆ ಬಂದಿದ್ದು ಜೀಪಲ್ಲೇ ಅಲ್ವಾ?” ಸಭೆ ನಗುತ್ತದೆ, ಹೆಗ್ಡೇರ ಬಾಯಿ ಕಟ್ಟುತ್ತದೆ. ಹದಿನೈದು ಕಿಲೋಮೀಟರ್ ಏರಿಳಿತದ ದಾರಿ, ಬೆಳಿಗ್ಗೆ ಒಂದು ಸಂಜೆ ಒಂದು ಬಸ್ಸು ಇರುವ ಊರಿನಿಂದ ಮನುಷ್ಯ ಇನ್ನು ಹೇಗೆ ಬರಬೇಕಿತ್ತು ಎಂದು ಯಾರೂ ಕೇಳುವುದಿಲ್ಲ. ಶುದ್ಧನಾದವನು ಮಾತ್ರ ಮಾತಾಡಲಿ ಎಂದರೆ ಮಾತಾಡಲು ಯಾರೂ ಉಳಿಯುವುದಿಲ್ಲ, ಕೆಲವರಿಗೆ ಬೇಕಾದದ್ದೂ ಅದೇ. ಪ್ರತಿಯೊಬ್ಬನೂ ತನ್ನ ಇಂಗಾಲದ ಹೆಜ್ಜೆಗುರುತು ಲೆಕ್ಕ ಹಾಕಿಕೊಳ್ಳಬೇಕೆಂಬ ವಿಚಾರವನ್ನು ಈ ಶತಮಾನದ ಮೊದಲ ದಶಕದಲ್ಲಿ ಜಾಹೀರಾತು ಕೊಟ್ಟು ಜನಪ್ರಿಯಗೊಳಿಸಿದವರಲ್ಲಿ ಬಿ.ಪಿ. ಎಂಬ ದೈತ್ಯ ತೈಲ ಕಂಪನಿಯೇ ಮುಂದಿತ್ತು. ಎಣ್ಣೆ ಮಾರುವವರು ನಿಮ್ಮ ಸ್ಕೂಟರಿನ ಬಗ್ಗೆ ಇಷ್ಟು ಕಾಳಜಿ ತೋರಿದರೆ ಸ್ವಲ್ಪ ಅನುಮಾನ ಪಡುವುದು ಒಳ್ಳೆಯದು.

ಮೂಡಿಗೆರೆಯ ಪಕ್ಕದ ‘ನಿರುತ್ತರ’ದಲ್ಲಿ ಕಾಫಿ ಬೆಳೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿ ಈ ಶುದ್ಧತೆಯ ಗೊಡವೆಗೇ ಹೋಗಲಿಲ್ಲ. ‘ಪರಿಸರದ ಕತೆ’ಯಲ್ಲಿ ಮಾರ, ಪ್ಯಾರರ ಜೊತೆ ಅವರೂ ಇದ್ದಾರೆ, ಬಂದೂಕು, ಗಾಳ, ಕಿವಿ ಎಂಬ ನಾಯಿ ಇವೆಲ್ಲ ಇವೆ. ಕನ್ನಡದಲ್ಲಿ ಒಂದು ತಲೆಮಾರಿಗೆ ಕಾಡಿನ ಹುಚ್ಚು ಹಿಡಿಸಿದ ಪುಸ್ತಕದಲ್ಲಿ ಉಪದೇಶಕ್ಕೆ ಜಾಗವಿಲ್ಲ. ಈಗಿನ ಹೋಂಸ್ಟೇಗಳ ಗೋಡೆಯ ಮೇಲೆ ಅವರ ಚಿತ್ರ ನೋಡುವಾಗ ನನಗೆ ಸ್ವಲ್ಪ ನಗು ಬರುತ್ತದೆ.

ಹೋಂಸ್ಟೇಗಳ ಬಗ್ಗೆ ನಗದೆ ಬರೆಯುವುದು ಕಷ್ಟವೇ. ಬೋರ್ಡಿನಲ್ಲಿ ‘ಪ್ರಕೃತಿಯ ಮಡಿಲಲ್ಲಿ’. ಮಡಿಲನ್ನು ಜೆಸಿಬಿ ತಂದು ಸಮತಟ್ಟು ಮಾಡಿರುತ್ತಾರೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟವರು ಬೆಳಗಿನ ಹೊತ್ತಿಗೆ ಸಂಸೆ ತಲುಪಿ, ಜೀಪು ಹತ್ತಿ ಮುಳ್ಳೋಡಿಗೆ ಹೋಗಿ, 1,894 ಮೀಟರಿನ ಕುದುರೆಮುಖ ಶಿಖರ ಏರಿ ಇಳಿದು, ಸಂಜೆ ಬೆಂಕಿ ಹಾಕಿ, ರೇನ್ ಡ್ಯಾನ್ಸ್ ಮಾಡುತ್ತಾರೆ. ಹೊರಗೆ ನಿಜವಾದ ಮಳೆ ಬರುತ್ತಿದ್ದರೂ ಪೈಪಿನ ಮಳೆಯಲ್ಲೇ ಕುಣಿಯಬೇಕು. ಅವರ ಅಂಗಿಯ ಮೇಲೆ ಪಶ್ಚಿಮ ಘಟ್ಟ ಉಳಿಸಿ ಎಂದಿರುತ್ತದೆ, ಅದೂ ಸುಳ್ಳಲ್ಲ, ಘಟ್ಟದ ಮೇಲೆ ಅವರಿಗೆ ಪ್ರೀತಿ ಇದೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಕಿಕ್ಕಿರಿದ ವಿಡಿಯೊ ಓಡಾಡಿದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಶಿಖರಕ್ಕೆ ಹೋಗುವವರನ್ನು ಎಣಿಸಬಹುದು. ತಪ್ಪಲಿನಲ್ಲಿ ಉಳಿಯುವವರನ್ನು ಎಣಿಸುವವರು ಯಾರು?

ನೀರಿನ ಬಾಟಲಿಯನ್ನೇ ನೋಡಿ. ಮನೆಯವರು ಕುಡಿಯುವುದು ಗುಡ್ಡದ ಮೇಲಿನಿಂದ ತಾನಾಗಿ ಇಳಿಯುವ ಅಬ್ಬಿ ನೀರು, ಕರೆಂಟೂ ಬೇಡ. ಅತಿಥಿಗೆ ಮಾತ್ರ ಮಂಗಳೂರಿನಿಂದ ಲಾರಿಯಲ್ಲಿ ಘಟ್ಟ ಹತ್ತಿ ಬಂದ ಸೀಲು ಹಾಕಿದ ಬಾಟಲಿ. ಅಬ್ಬಿ ನೀರು ಕೊಟ್ಟರೆ ಯಾರಿಗಾದರೂ ಹೊಟ್ಟೆ ಕೆಟ್ಟೀತು, ಕೆಟ್ಟರೆ ಮೊಬೈಲಿನಲ್ಲಿ ಒಂದೇ ನಕ್ಷತ್ರ ಕೊಟ್ಟಾರು ಎಂಬ ಭಯ. ರಾಜ್ಯ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ನಿಷೇಧಿಸಿತು, ಕೇಂದ್ರ 2022ರ ಜುಲೈ 1ರಿಂದ ತನ್ನ ಪಟ್ಟಿ ಜಾರಿ ಮಾಡಿತು. ನೀರಿನ ಬಾಟಲಿ ಆ ಪಟ್ಟಿಯಲ್ಲಿ ಇಲ್ಲ. ಪಂಚಾಯ್ತಿಯ ಕಸದ ಗಾಡಿ ಡಾಂಬರು ರಸ್ತೆ ಬಿಟ್ಟು ತೋಟದ ದಾರಿಗೆ ಇಳಿಯುವುದಿಲ್ಲ. ಮುಖ್ಯ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿರುವ ಮನೆಯವರು ಮಾಡುವುದೇನು? ಒಂದೋ ಕಾಫಿ ಸಾಲಿನ ನಡುವಿನ ತೊಟ್ಟಿಲು ಗುಂಡಿ, ಇಲ್ಲವೇ ಹಂಡೆಯ ಒಲೆ. ಆ ಒಲೆಯ ಸೌದೆ ತೋಟದ ಮರಗಸಿಯದ್ದು, ಬೂದಿ ಬಾಳೆಯ ಬುಡಕ್ಕೆ. ನಮ್ಮ ಮನೆಗಳಲ್ಲಿ ಉಳಿದಿರುವ ಅತಿ ನಿರಪಾಯದ ವ್ಯವಸ್ಥೆ ಅದೇ ಇರಬೇಕು. ಅದರೊಳಕ್ಕೇ ಕವರು ಹೋಗುತ್ತದೆ.

ಇನ್ನು ಕಾಡಿನ ಒಳಗೇ ಇರುವವರು. ಉದ್ಯಾನವಾದ ಮೇಲೆ ಅದರೊಳಗಿನ ಮಲೆಕುಡಿಯರು, ಸಣ್ಣ ಗದ್ದೆ ಇರುವ ಗೌಡರ ಮನೆಗಳು ಹೊರಗೆ ಹೋಗಬೇಕೆಂಬ ಒತ್ತಡದಲ್ಲಿ ಬದುಕುತ್ತಿವೆ. ಎಷ್ಟೋ ಮನೆಗಳಿಗೆ ರಸ್ತೆಯಿಲ್ಲ, ವಿದ್ಯುತ್ತಿಲ್ಲ. ಆ ಅಸಮಾಧಾನದ ಬೆನ್ನಲ್ಲಿ ಇಲ್ಲಿಗೆ ನಕ್ಸಲರೂ ಬಂದರು, ಗುಂಡುಗಳೂ ಹಾರಿದವು. 2005ರ ಫೆಬ್ರವರಿಯಲ್ಲಿ ಬಾಳಿಗೆಯಲ್ಲಿ ಪೊಲೀಸರ ಗುಂಡಿಗೆ ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತಿದ್ದು ನೆನಪಿರಬಹುದು. ತಿಂಗಳಿಗೆ ಎರಡು ಬಾರಿ ಪೇಟೆಗೆ ನಡೆದು ಹೋಗಿ ಉಪ್ಪು, ಬೆಲ್ಲ ತರುವ ಮನೆಯವರಿಗೆ ಕಾಡಿನ ಹೆಸರಿನಲ್ಲಿ ಪರಿಹಾರದ ಚೆಕ್ಕು. ವಾರಾಂತ್ಯಕ್ಕೆ ಆರುನೂರು ಕಿಲೋಮೀಟರ್ ಡೀಸೆಲ್ ಸುಟ್ಟು ಬರುವವರಿಗೆ ಟಿಕೇಟು. ಆದರ್ಶಕ್ಕೂ ಅಭ್ಯಾಸಕ್ಕೂ ಅಂತರ ಅತಿ ಕಡಿಮೆ ಇರುವ ಮನೆಗಳು ಇವೇ, ಅವರಿಗೆ ಆದರ್ಶ ಹೇಳಲು ಬಾರದಿದ್ದರೂ.

ಗಣಿ ಓಡಿಸಿದ ಇದೇ ಊರುಗಳು ಪಶ್ಚಿಮ ಘಟ್ಟದ ವರದಿಗಳನ್ನು ಓಡಿಸಿದ್ದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಕಸ್ತೂರಿರಂಗನ್ ಸಮಿತಿ 2013ರಲ್ಲಿ. ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಎಂಬ ಕೇಂದ್ರದ ಕರಡು 2014ರಿಂದ ಹೊರಡುತ್ತಲೇ ಇದೆ. 2024ರ ಜುಲೈನದು ಆರನೆಯದು, ಅದನ್ನೂ ರಾಜ್ಯ ಸಂಪುಟ ತಿರಸ್ಕರಿಸಿತು. ಮರ ಸಂರಕ್ಷಣಾ ಕಾಯ್ದೆಯ ಅನುಭವ ಇರುವ ಬೆಳೆಗಾರ ಇನ್ನೊಂದು ಅನುಮತಿಯ ಕಂತೆಯನ್ನು ಹೇಗೆ ನಂಬಿಯಾನು? ವಿಷಾದವೆಂದರೆ ನಮ್ಮಲ್ಲಿ ಎರಡೂ ವರದಿಗಳನ್ನು ಒಂದೇ ಹೆಸರಿನಲ್ಲಿ ಬೈದರು. ತೀರ್ಮಾನಗಳು ಗ್ರಾಮಸಭೆಯಿಂದ ಮೇಲಕ್ಕೆ ಹೋಗಲಿ ಎಂದಿದ್ದು ಗಾಡ್ಗೀಳರು. ಖಾಸಗಿ ಜಮೀನಿನಲ್ಲಿ ಕಾಡುಗಿಡ ಉಳಿಸಿಕೊಂಡವನಿಗೆ, ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚಿಸಿದವನಿಗೆ ಹಣ ಕೊಡಿ ಎಂಬ ಮಾತು ಅವರ ವರದಿಯಲ್ಲಿತ್ತು. ಕಾಡುಸಸಿಯ ಬುಡಕ್ಕೆ ಬಂದ ಕತ್ತಿ ತಡೆದು ನಿಲ್ಲಲು ಅದೊಂದು ಕಾರಣವಾಗುತ್ತಿತ್ತು. ಓದದೆ ಸುಟ್ಟ ಪುಟಗಳಲ್ಲಿ ಅವೂ ಹೋದವು.

ಈಗ ಹೊಸ ಲೆಕ್ಕ ಯುರೋಪಿನಿಂದ ಬರುತ್ತಿದೆ. ನಮ್ಮ ಕಾಫಿಯ ದೊಡ್ಡ ಗಿರಾಕಿಗಳಾದ ಇಟಲಿ, ಜರ್ಮನಿಯಂಥ ದೇಶಗಳಿರುವ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ತನ್ನ ಮಾರುಕಟ್ಟೆಗೆ ಬರಕೂಡದು ಎಂದಿತು. ಜಾರಿಯ ದಿನ ಮುಂದೆ ಹೋಗುತ್ತಲೇ ಇದೆ, ಆದರೂ ಕಾಫಿ ಮಂಡಳಿ ತೋಟಗಳನ್ನು ನೋಂದಾಯಿಸಲು ಹೊರಟಿದೆ. ಸರ್ವೆ ನಂಬರ್ ಸಾಲದು, ತೋಟದ ಅಕ್ಷಾಂಶ ರೇಖಾಂಶ ಬೇಕು. ರೈಟರು ಮೊಬೈಲ್ ಹಿಡಿದು ಬೇಲಿಯಂಚಿನಲ್ಲಿ ಸುತ್ತುತ್ತಾರೆ, ಸಿಗ್ನಲ್ ಸಿಕ್ಕಲ್ಲಿ ನಿಲ್ಲುತ್ತಾರೆ. ಕಳಸ, ಮೂಡಿಗೆರೆ ಕಡೆಯ ಬಹುಪಾಲು ತೋಟಗಳು ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತವೆ; 2020ಕ್ಕೆ ಮೊದಲೂ ಅಲ್ಲಿ ತೋಟವೇ ಇತ್ತು. ಆ ಕಾನೂನಿನ ಪ್ರಕಾರ ತೋಟದ ನೆರಳಿನ ಮರ ಕಾಡಲ್ಲ. ನೂರು ವರ್ಷದ ನಂದಿ, ಅತ್ತಿಗಳನ್ನು ಕಳೆದ ವರ್ಷ ಇಳಿಸಿ ಸಿಲ್ವರ್ ಓಕ್ ನೆಟ್ಟಿದ್ದರೂ ಆ ತೋಟದ ಕಾಫಿಗೆ ಅಡ್ಡಿಯಿಲ್ಲ.